ಚಿನ್ನವಲ್ಲದ ಹಳೆಯ ಒಡವೆಗೆ ಬೆಲೆ ಇದೆಯೇ?

ಪ್ರಶ್ನೆ: ನಮ್ಮ ಅತ್ತೆಯವರ ಪೆಟ್ಟಿಗೆಯಲ್ಲಿ ಕೆಲವು ಹಳೆಯ ಗಿಲೀಟು ಒಡವೆಗಳು ಸಿಕ್ಕಿವೆ. ಮಾವನವರು ಹಡಗಿನಲ್ಲಿ ಕೆಲಸಕ್ಕಿದ್ದಾಗ ತಂದವುಗಳಂತೆ. ಎಲೆಯಾಕಾರದ ಒಂದು ಬ್ರೋಚಿನ ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ‘ಟ್ರೈಫಾರಿ’ ಎಂಬ ಹೆಸರು, ಮೊದಲ ಅಕ್ಷರದ ಮೇಲೆ ಕಿರೀಟ, ಪಕ್ಕದಲ್ಲಿ ವೃತ್ತದೊಳಗೆ ‘ಸಿ’ ಅಕ್ಷರ ಇವೆ. ಕಾಮನಬಿಲ್ಲಿನ ಬಣ್ಣ ಹೊಳೆಯುವ ಕಲ್ಲುಗಳ ಒಂದು ಜೊತೆ ಕಿವಿಯ ಕ್ಲಿಪ್ಪುಗಳೂ ಇವೆ, ಅವುಗಳಲ್ಲಿ ಹೆಸರಿಲ್ಲ. ರಥಬೀದಿಯ ಅಂಗಡಿಯೊಂದರಲ್ಲಿ ಬ್ರೋಚನ್ನು ಒರೆಗೆ ಹಚ್ಚಿ ನೋಡಿ, ಚಿನ್ನವಲ್ಲ, ಬೆಲೆಯಿಲ್ಲ ಎಂದರು. ಇವು ಎಷ್ಟು ಹಳೆಯವು? ನಿಜವಾಗಿಯೂ ಬೆಲೆಯಿಲ್ಲವೇ?
— ಓದುಗರೊಬ್ಬರು, ಉಡುಪಿ

ಉತ್ತರ: ತೂಕಕ್ಕೆ ಚಿನ್ನ ಕೊಳ್ಳುವವರ ಲೆಕ್ಕದಲ್ಲಿ ಅವರು ಹೇಳಿದ್ದು ಸರಿ. ಆದರೆ ಇಂತಹ ಒಡವೆಯ ಬೆಲೆ ಲೋಹದಲ್ಲಿಲ್ಲ. ತಯಾರಿಸಿದವರು ಯಾರು, ಕೆಲಸ ಎಷ್ಟು ನಯವಾಗಿದೆ, ಈಗ ಯಾವ ಸ್ಥಿತಿಯಲ್ಲಿದೆ ಎಂಬುದರಲ್ಲಿದೆ. ದಯವಿಟ್ಟು ಇನ್ನೊಮ್ಮೆ ಒರೆಗೆ ಹಚ್ಚಿಸಬೇಡಿ. ಲೇಪದ ಮೇಲೆ ಬಿದ್ದ ಗೀರು ಸಂಗ್ರಾಹಕರ ಕಣ್ಣಿಗೆ ಮೊದಲು ಬೀಳುತ್ತದೆ, ಬೆಲೆಯನ್ನು ಅಲ್ಲಿಯೇ ಇಳಿಸುತ್ತದೆ.

ಟ್ರೈಫಾರಿ ಅಮೆರಿಕದ ಹೆಸರಾಂತ ಸಂಸ್ಥೆ. ಅದರ ಸ್ಥಾಪಕ ಗುಸ್ತಾವೊ ಟ್ರೈಫಾರಿ ಇಟಲಿಯ ನೇಪಲ್ಸಿನಿಂದ ಬಂದವರು. ಈ ಬಗೆಯ ಒಡವೆಯ ವಿನ್ಯಾಸಕ್ಕೂ ಕೃತಿಸ್ವಾಮ್ಯದ ರಕ್ಷಣೆ ಇದೆ ಎಂಬ ತೀರ್ಪು ಆ ಸಂಸ್ಥೆಯೇ ಹೂಡಿದ್ದ ಮೊಕದ್ದಮೆಯಲ್ಲಿ 1955ರಲ್ಲಿ ಬಂದಿತು. ವೃತ್ತದೊಳಗಿನ ‘ಸಿ’ ಕೃತಿಸ್ವಾಮ್ಯದ ಗುರುತಾಗಿದ್ದು, ಆ ತೀರ್ಪಿನ ಬಳಿಕವೇ ಅದನ್ನು ಒತ್ತುವುದು ರೂಢಿಗೆ ಬಂದುದರಿಂದ, ನಿಮ್ಮ ಬ್ರೋಚು 1955ಕ್ಕಿಂತ ಹಿಂದಿನದಲ್ಲವೆಂದು ತಿಳಿಯಬಹುದು. ಕ್ಲಿಪ್ಪುಗಳ ಕಲ್ಲುಗಳೂ ಬಹುಮಟ್ಟಿಗೆ ಅದೇ ಕಾಲವನ್ನು ಸೂಚಿಸುತ್ತವೆ: ಗಾಜಿನ ಮೇಲೆ ಲೋಹದ ಅತಿ ತೆಳುವಾದ ಪದರವನ್ನು ಕೂರಿಸಿ ಆ ಬಣ್ಣ ಬರಿಸುವ ‘ಅರೋರಾ ಬೋರಿಯಾಲಿಸ್’ ಕಲ್ಲನ್ನು ಆಸ್ಟ್ರಿಯಾದ ಸ್ವರೋವ್ಸ್ಕಿ ಸಂಸ್ಥೆಯು 1950ರ ದಶಕದ ನಡುವಿನಲ್ಲಿ ಹೊರತಂದಿತು. ಒಡವೆಯಲ್ಲಿರುವ ಲಕ್ಷಣಗಳಲ್ಲಿ ಯಾವುದು ಎಲ್ಲಕ್ಕಿಂತ ಈಚಿನದೋ ಅದರಿಂದಲೇ ಕಾಲವನ್ನು ಎಣಿಸಬೇಕು. ಮನೆಯವರ ನೆನಪು ಅದರ ನಂತರ.

ಇನ್ನು ಕ್ಲಿಪ್ಪುಗಳನ್ನು ಹಗಲು ಬೆಳಕಿನಲ್ಲಿ ಮಗುಚಿ, ಭೂತಗನ್ನಡಿಯಲ್ಲಿ ನೋಡಿ. ಕಲ್ಲನ್ನು ಸಣ್ಣ ಲೋಹದ ಕೊಕ್ಕೆಗಳು ಹಿಡಿದಿವೆಯೋ, ಬರಿಯ ಅಂಟು ಹಿಡಿದಿದೆಯೋ? ಕೊಕ್ಕೆಯ ಕೆಲಸಕ್ಕೆ ಬೆಲೆ ಹೆಚ್ಚು. ಒಂದು ಕಲ್ಲಿನ ಸುತ್ತ ಮಾತ್ರ ಹಳದಿಗಟ್ಟಿದ ಅಂಟು ಉಕ್ಕಿದ್ದರೆ ಆ ಕಲ್ಲನ್ನು ಬಳಿಕ ಕೂರಿಸಿರಬೇಕು. ಕೆಲವು ಕಲ್ಲುಗಳು ಮಂಕಾಗಿ ಕಪ್ಪಿಟ್ಟಿದ್ದರೆ, ಹಿಂಬದಿಯ ಕನ್ನಡಿಯಂತಹ ಲೇಪಕ್ಕೆ ತೇವ ತಗಲಿದೆ ಎಂದರ್ಥ. ಅದನ್ನು ತೊಳೆದು ಸರಿಪಡಿಸಲಾಗದು. ಹೆಸರಿಲ್ಲವೆಂದು ಕೈಬಿಡಬೇಡಿ. ಹೆಸರು ಒತ್ತದೆ ಮಾರಿದ ಒಳ್ಳೆಯ ಒಡವೆಗಳು ಆ ಕಾಲದಲ್ಲಿ ಬಹಳ ಇದ್ದವು.

ನಮ್ಮ ಕರಾವಳಿಯಲ್ಲಿ ನನಗೆ ಹೆಚ್ಚಿನ ಚಿಂತೆ ಕಿಲುಬಿನದು. ಮಳೆಗಾಲದ ತೇವ ಮತ್ತು ಉಪ್ಪುಗಾಳಿಗೆ ಲೇಪದಡಿಯ ತಾಮ್ರ, ಹಿತ್ತಾಳೆ ಹಸಿರುಗಟ್ಟುತ್ತವೆ. ಹಸಿರು ಕಂಡ ಒಡವೆಯನ್ನು ಉಳಿದವುಗಳಿಂದ ಬೇರೆ ಇಡಿ, ಒಣ ಹತ್ತಿಯಿಂದ ಮೆಲ್ಲಗೆ ಒರೆಸಿ. ದೀಪದ ಕಂಬಕ್ಕೆ ಹಚ್ಚುವ ಹುಣಸೆಹುಳಿಯಾಗಲಿ ಚಿನ್ನಕ್ಕೆ ಬಳಸುವ ಅಂಟುವಾಳದ ನೊರೆಯಾಗಲಿ ಇವಕ್ಕೆ ಸಲ್ಲದು: ಒಂದು ಲೇಪವನ್ನು ತಿನ್ನುತ್ತದೆ, ಇನ್ನೊಂದರ ನೀರು ಕಲ್ಲಿನ ಹಿಂದೆ ನಿಲ್ಲುತ್ತದೆ.

ಬೆಲೆಯ ಮಾತಿನಲ್ಲಿ ಹೆಚ್ಚಿನ ಆಸೆ ಹುಟ್ಟಿಸಲಾರೆ. ಟ್ರೈಫಾರಿಯ ಸಾದಾ ಎಲೆ ಬ್ರೋಚುಗಳು ಲೆಕ್ಕವಿಲ್ಲದಷ್ಟು ತಯಾರಾದವು; ಚೆನ್ನಾಗಿದ್ದರೆ ಕೆಲವು ಸಾವಿರ ರೂಪಾಯಿ ಬರಬಹುದು. ಎರಡನೆಯ ಮಹಾಯುದ್ಧದ ದಿನಗಳಲ್ಲಿ, ತವರದಂತಹ ಲೋಹ ಯುದ್ಧಕ್ಕೆ ಮೀಸಲಾದಾಗ, ಬೆಳ್ಳಿಯ ಮೇಲೆ ಚಿನ್ನದ ಲೇಪ ಕೊಟ್ಟು ಮಾಡಿದ ‘ಸ್ಟರ್ಲಿಂಗ್’ ಗುರುತಿನ ಒಡವೆಗಳಿಗೆ ಹೆಚ್ಚು ಬೇಡಿಕೆ ಇದೆ. ಪೆಟ್ಟಿಗೆಯಲ್ಲಿ ಇದೇ ಎಲೆಯ ಓಲೆ ಅಥವಾ ಸರ ಇದೆಯೇ ಎಂದು ಹುಡುಕಿ. ಪೂರ್ತಿ ಸೆಟ್ಟಿಗೆ ಬೆಲೆ ಏರುತ್ತದೆ. ಆನ್‌ಲೈನಿನಲ್ಲಿ ವಿಚಾರಿಸುವಾಗ ಮಾರುವವರು ಕೇಳುತ್ತಿರುವ ಬೆಲೆಯನ್ನು ನಂಬದೆ, ಮಾರಾಟವಾದ ಬೆಲೆಯನ್ನೇ ನೋಡಿ.

ಪ್ರಶ್ನೆ: ನನ್ನ ತಾಯಿಯ 20 ಗ್ರಾಂ ತೂಕದ ಬಳೆಯ ಒಳಬದಿಯಲ್ಲಿ ಇಂಗ್ಲಿಷಿನಲ್ಲಿ ‘1/20 12ಕೆ ಜಿಎಫ್’ ಎಂದಿದೆ. ಇದರಲ್ಲಿ ಚಿನ್ನ ಎಷ್ಟು?
— ಓದುಗರೊಬ್ಬರು, ಮಂಗಳೂರು

ಉತ್ತರ: ಒಟ್ಟು ತೂಕದ ಇಪ್ಪತ್ತನೆಯ ಒಂದು ಭಾಗ 12 ಕ್ಯಾರಟ್ ಚಿನ್ನದ ಹೊದಿಕೆ ಎಂದು ಅದರ ಅರ್ಥ. ನಿಮ್ಮ ಬಳೆಯಲ್ಲಿ ಆ ಹೊದಿಕೆ 1 ಗ್ರಾಂ. 12 ಕ್ಯಾರಟ್ ಎಂದರೆ ಅರ್ಧ ಪಾಲು, ಹಾಗಾಗಿ ಅಪ್ಪಟ ಚಿನ್ನ ಸುಮಾರು ಅರ್ಧ ಗ್ರಾಂ, ಅದೂ ಸವೆಯದೆ ಇದ್ದರೆ. ಅಷ್ಟನ್ನು ಬೇರ್ಪಡಿಸುವ ಖರ್ಚು ಕಳೆದರೆ ಕೈಗೆ ಬರುವುದು ಅಲ್ಪ. ಆದರೆ ಇದು ಮಾಮೂಲಿ ಗಿಲೀಟಲ್ಲ. ಹೊದಿಕೆ ದಪ್ಪವಾಗಿರುವುದರಿಂದ ದಶಕಗಳ ಬಳಕೆಗೂ ತಡೆಯುತ್ತದೆ. ಅಂಚುಗಳಲ್ಲಿ ಹಿತ್ತಾಳೆ ಕಾಣದಿದ್ದರೆ ಕರಗಿಸಲು ಕೊಡದೆ ಬಳೆಯಾಗಿಯೇ ತೊಟ್ಟುಕೊಳ್ಳಿ.