ಮೈಸೂರಿನ ನಮ್ಮ ಬಾಡಿಗೆ ಮನೆಯ ಹಾಲ್ 10 ಅಡಿಗೆ 12 ಅಡಿ ಇದೆ. ಇದರಲ್ಲಿ ವಿಆರ್ (ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡು ಆಡುವ ವರ್ಚುವಲ್ ರಿಯಾಲಿಟಿ) ಗೇಮ್ ಆಡಬಹುದಾ?

ಆರಾಮಾಗಿ ಆಡಬಹುದು. ಓಡಾಡಿಕೊಂಡು ಆಡಲು ಆರೂವರೆ ಅಡಿ ಉದ್ದ, ಅಷ್ಟೇ ಅಗಲ ಖಾಲಿ ಜಾಗ ಇದ್ದರೆ ಸಾಕು. ಟೀಪಾಯಿ ಪಕ್ಕಕ್ಕೆ ಸರಿಸಿ. ಮೆಟಾ ಕಂಪನಿಯ ಕ್ವೆಸ್ಟ್ 3ಎಸ್ ತರಹದ ಹೆಡ್‌ಸೆಟ್‌ಗೆ ಕಂಪ್ಯೂಟರ್ ಬೇಕಿಲ್ಲ. ಪಿಸಿ ಗೇಮ್‌ಗಳೂ ಬೇಕೆಂದರೆ ಪಿಸಿಯನ್ನು ಕೇಬಲ್‌ನಲ್ಲಿ ರೂಟರ್‌ಗೆ ಜೋಡಿಸಿ, ಹೆಡ್‌ಸೆಟ್ಟನ್ನು 5 ಗಿಗಾಹರ್ಟ್ಸ್ ವೈಫೈಗೆ ಹಾಕಿ.

ನನಗೆ ಜಾಸ್ತಿ ಭಯ ಸೀಲಿಂಗ್ ಫ್ಯಾನ್‌ದು. ಹೆಡ್‌ಸೆಟ್ ನೀವು ಆಡುವ ಜಾಗದ ಸುತ್ತಲಿನ ಗಡಿ ತೋರಿಸುತ್ತದೆ, ತಲೆ ಮೇಲಿನ ರೆಕ್ಕೆಯನ್ನಲ್ಲ. ಮೊದಲೇ ಫ್ಯಾನ್ ಆರಿಸಿ, ಕಂಟ್ರೋಲರ್ ಹಿಡಿದು ಕೈ ಮೇಲೆತ್ತಿ ನೋಡಿ. ತಾಗುವಂತಿದ್ದರೆ ಟೇಬಲ್ ಫ್ಯಾನ್ ಇಟ್ಟುಕೊಳ್ಳಿ. ಕಂಟ್ರೋಲರ್ ಪಟ್ಟಿಯನ್ನು ಮಣಿಕಟ್ಟಿಗೆ ಹಾಕದೆ ಆಡಲೇಬೇಡಿ.

ಆಟ ಮುಗಿದ ಮೇಲೆ ಹೆಡ್‌ಸೆಟ್ಟನ್ನು ಕಿಟಕಿ ಹತ್ತಿರ ಸುಮ್ನೆ ಇಟ್ಟುಬಿಡಬೇಡಿ. ಲೆನ್ಸ್ ಮೇಲೆ ನೇರ ಬಿಸಿಲು ಬಿದ್ದರೆ ಒಳಗಿನ ಪರದೆ ಸುಟ್ಟು ಕಲೆ ಉಳಿದುಬಿಡುತ್ತದೆ.