ಯಕ್ಷಗಾನದ ಗ್ರೂಪಿಗೂ ಕೊಳೆರೋಗ

ಪ್ರಶ್ನೆ: ನಾನು ನಾಲ್ಕು ವಾಟ್ಸಾಪ್ ಗ್ರೂಪಿನಲ್ಲಿದ್ದೇನೆ. ಊರಿನದು, ಅಡಿಕೆ ಬೆಳೆಗಾರರದು, ಸೊಸೈಟಿ ಸದಸ್ಯರದು, ಯಕ್ಷಗಾನದ್ದು. ನಾಲ್ಕರಲ್ಲೂ ಮುಕ್ಕಾಲು ಪಾಲು ಅದೇ ಜನ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಬಗ್ಗೆ ಒಂದು ಪ್ರಶ್ನೆಯನ್ನು ನಾಲ್ಕಕ್ಕೂ ಹಾಕಿದೆ. "ಬೆಳಗ್ಗೆಯಿಂದ ನಿಮ್ಮ ಕೊಳೆಯೇ ಆಯ್ತಲ್ಲ ಮಾರಾಯ್ರೇ" ಅಂತ ಒಬ್ಬರು ಬರೆದರು. ಒಂದಕ್ಕೇ ಹಾಕಿದರೆ ಯಾರೂ ಉತ್ತರ ಕೊಡುವುದಿಲ್ಲ. ಏನು ಮಾಡಲಿ?
– ಒಬ್ಬ ಬೆಳೆಗಾರ, ಹೊಸನಗರ ತಾಲ್ಲೂಕು

ಉತ್ತರ: ಯಕ್ಷಗಾನದ ಗ್ರೂಪಿಗೂ ಹಾಕಿದಿರಾ! ಹಾಗಾದರೆ ಬೈದವರ ಪರ ನಾನೂ ಅರ್ಧ ಇದ್ದೇನೆ. ಇನ್ನರ್ಧ ನಿಮ್ಮ ಪರ, ಯಾಕೆಂದರೆ ನಾನೂ ಇದೇ ಕೆಲಸ ಮಾಡಿ ಮುಖ ಕೆಡಿಸಿಕೊಂಡವನು.

ಎರಡು ಮಳೆಗಾಲದ ಹಿಂದಿನ ಮಾತು. ನಮ್ಮ ತೋಟ ತೀರ್ಥಹಳ್ಳಿ ಹತ್ತಿರ. ಮೊದಲ ಔಷಧಿ ಹೊಡೆಯುವ ಹೊತ್ತು, ಮರ ಹತ್ತಿ ಹೊಡೆಯುವ ಕೊನೆಗಾರ ಬಂದು ನಿಂತಿದ್ದ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಕೊಳೆಗೆ ಹೊಡೆಯುವ ಈ ಬೋರ್ಡೋ ದ್ರಾವಣದ ಲೆಕ್ಕ ನಿಮಗೂ ಗೊತ್ತು. ಆದರೆ ಆ ಸಲದ ಸುಣ್ಣ ಹಳೆಯದು, ಹದ ಬಂದಿದೆಯೋ ಇಲ್ಲವೋ ಅನುಮಾನ. ಮೂರು ಗ್ರೂಪಿಗೆ ಕೇಳಿದೆ. ಒಂದರಲ್ಲಿ "ಏನಾಗಲ್ಲ, ಹೊಡೀರಿ" ಎಂದರು. ಇನ್ನೊಂದರಲ್ಲಿ ಹಿರಿಯರೊಬ್ಬರು, "ಹೊಳೆಯುವ ಚಾಕು ಅದ್ದಿ ನೋಡು. ಕೆಂಪು ಹಿಡಿದರೆ ಸುಣ್ಣ ಸಾಲದು" ಎಂದರು. ಮೂರನೆಯದರಲ್ಲಿ ಸುಮ್ನೆ ಎರಡು ಹೆಬ್ಬೆರಳು. ಚಾಕು ಅದ್ದಿದೆ. ತಾಮ್ರ ಹಿಡಿದಿತ್ತು. ಸುಣ್ಣದ ತಿಳಿ ಇನ್ನಷ್ಟು ಸೇರಿಸಿ, ಮತ್ತೆ ಅದ್ದಿ ನೋಡಿ, ಹೊಡೆಸಿದೆ. ನಾನು ಬಚಾವಾದೆ.

ಆದರೆ ಮೊದಲನೇ ಗ್ರೂಪಿನಲ್ಲಿ "ಏನಾಗಲ್ಲ" ಎಂಬುದೇ ಕೊನೆಯ ಮಾತಾಗಿ ಉಳಿಯಿತು. ಚಾಕುವಿನ ಸುದ್ದಿ ಅಲ್ಲಿಗೆ ಹೋಗಲೇ ಇಲ್ಲ. ಪಕ್ಕದ ತೋಟದವರು ಅಷ್ಟನ್ನೇ ಓದಿ ಹೊಡೆಸಿದರು. ಅವರ ಎಳೆ ಕಾಯಿ ಸುಟ್ಟ ಹಾಗಾಯಿತು. "ನಿಮ್ಮ ಮೆಸೇಜು ನೋಡಿಯೇ ಹೊಡೆಸಿದ್ದು" ಅಂದರು. ಏನು ಹೇಳಲಿ?

ಅಂದಿನಿಂದ ಪ್ರಶ್ನೆಯನ್ನು ಒಂದೇ ಕಡೆ ಹಾಕುತ್ತೇನೆ. ಕೊಳೆಯಾದರೆ ಬೆಳೆಗಾರರ ಗ್ರೂಪು. ತೀರಾ ಬೇಕಾದರೆ ಊರಿನ ಗ್ರೂಪಲ್ಲಿ ಒಂದು ಸಾಲು: "ಅಲ್ಲೊಂದು ಪ್ರಶ್ನೆ ಕೇಳಿದ್ದೇನೆ, ಗೊತ್ತಿದ್ದವರು ಅಲ್ಲೇ ಹೇಳಿ." ಆಮೇಲೆ ಒಂದು ದಿನ ಕಾಯುತ್ತೇನೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟಿನ ಜೊತೆ ಟವರೂ ಹೋಗುತ್ತದಲ್ವಾ? ನಿಜವಾಗಿ ಗೊತ್ತಿರುವವರು ಸಂಜೆ ಹಾಲು ಹಾಕಲು ಡೈರಿ ಹತ್ತಿರ ಬಂದಾಗಲೇ ಮೊಬೈಲು ನೋಡುವುದು. ಆಗಲೂ ಉತ್ತರ ಬರದಿದ್ದರೆ ಇನ್ನೊಂದು ಗ್ರೂಪಿಗೆ ಹೋಗಿ, "ಅಲ್ಲಿ ಕೇಳಿದ್ದೆ, ಸಿಗಲಿಲ್ಲ" ಅಂತ ಹೇಳಿಯೇ ಕೇಳಿ.

ಒಂದಕ್ಕೇ ಹಾಕಿದರೆ ಯಾರೂ ಹೇಳಲ್ಲ ಎನ್ನುತ್ತೀರಿ. ನಾಲ್ಕಕ್ಕೆ ಹಾಕಿದರೂ ಅದೇ ಕತೆ. ನಾಲ್ಕೂ ಕಡೆ ಕಂಡವರು, "ಯಾರೋ ಎಲ್ಲೋ ಹೇಳಿರ್ತಾರೆ" ಅಂತ ಸುಮ್ಮನಾಗುತ್ತಾರೆ. ಅದರ ಬದಲು ಪ್ರಶ್ನೆಯನ್ನು ಪೂರ್ತಿ ಬರೆಯಿರಿ. ಔಷಧಿ ಹೊಡೆದು ಎಷ್ಟು ದಿನ ಆಯಿತು, ಆಮೇಲೆ ಮಳೆ ಬಿಡುವು ಕೊಟ್ಟಿತ್ತೋ ಇಲ್ಲವೋ, ಉದುರಿದ ಕಾಯಿಯ ಫೋಟೋ.

ಆಗುಂಬೆ ಘಾಟಿಯಲ್ಲಿ ಮರ ಬಿದ್ದಿದೆ, ಯಾರಿಗೋ ತುರ್ತಾಗಿ ರಕ್ತ ಬೇಕು ಎಂದಾದರೆ ಮಾತ್ರ ನಾಲ್ಕಲ್ಲ, ಹತ್ತಕ್ಕೂ ಹಾಕಿ. ತಾರೀಖು, ಗಂಟೆ ಬರೆಯಿರಿ. ಮರ ತೆಗೆದ ಮೇಲೆ ಅದನ್ನೂ ಹತ್ತಕ್ಕೂ ಹಾಕಬೇಕು. ಈ ಎರಡನೇ ಕೆಲಸ ಯಾರೂ ಮಾಡುವುದಿಲ್ಲ. ಹಾಗಾಗಿ ಹೋದ ವರ್ಷದ ಮರ ಈ ವರ್ಷವೂ ಬೀಳುತ್ತಲೇ ಇದೆ.

ವಾಟ್ಸಾಪ್‌ನವರು 2018ರಲ್ಲೇ ನಮ್ಮ ದೇಶದಲ್ಲಿ ಒಂದು ಸಲಕ್ಕೆ 5 ಕಡೆಗಿಂತ ಜಾಸ್ತಿ ಫಾರ್ವರ್ಡ್ ಮಾಡಲು ಬಿಡದ ಹಾಗೆ ಮಾಡಿದರು. ಬಹಳ ಕೈ ದಾಟಿ ಬಂದದ್ದಾದರೆ 2020ರಿಂದ ಒಂದು ಸಲಕ್ಕೆ ಒಂದೇ ಕಡೆ. ಆದರೂ ಲಿಂಗನಮಕ್ಕಿ ಅಣೆಕಟ್ಟು ತುಂಬಲು, ಅಂದರೆ 1819 ಅಡಿ ಮುಟ್ಟಲು ಇನ್ನೆಷ್ಟು ಬಾಕಿ ಅಂತ ದಿನಾ ಬೆಳಗ್ಗೆ ಎಲ್ಲ ಗ್ರೂಪಿಗೂ ಹಾಕುವವರು ನಮ್ಮಲ್ಲೊಬ್ಬರಿದ್ದಾರೆ. ಅಣೆಕಟ್ಟು ಒಂದೇ, ನೀರು ಮಾತ್ರ ನಾಲ್ಕು ಕಡೆ ಏರುತ್ತಿರುತ್ತದೆ.

ಇನ್ನು ನಿಮ್ಮನ್ನು ಬೈದವರಿಗೆ ಇವತ್ತೇ ಒಂದು ಫೋನ್ ಮಾಡಿ. ನಿಮ್ಮ ಪ್ರಶ್ನೆಯನ್ನು ನಾಲ್ಕೂ ಸಲ ಓದಿದವರು ಅವರೊಬ್ಬರೇ. ಉತ್ತರ ಅವರ ಹತ್ತಿರವೇ ಇದ್ದರೂ ಇರಬಹುದು.