ಲೇಹ್‌ಗೆ ಯಾವ ಜಾಕೆಟ್ ಅನ್ನೋದು ಬಿಡಿ, ಒಳಗೆ ಯಾವ ಬನಿಯನ್ ಹೇಳಿ

ಸೆಪ್ಟೆಂಬರ್‌ನಲ್ಲಿ ಲಡಾಖ್‌ನ ಲೇಹ್ ಹತ್ತಿರದ ಶಾಲೆಯಲ್ಲಿ ಮೂರು ವಾರ ಸ್ವಯಂಸೇವೆ, ಎಂಟು ಸಾವಿರದ ಜಾಕೆಟ್ ಸಾಕಾ ಇನ್ನೂ ದಪ್ಪದ್ದು ಬೇಕಾ ಅಂತ ಕೇಳಿದ್ದೀರಿ. ಇದೇ ಚಿಂತೆಯಲ್ಲಿ ನಾನೂ ತುಮಕೂರಿನ ಅಂಗಡಿಗಳನ್ನೆಲ್ಲ ಸುತ್ತಿದ್ದೆ.

ನಮ್ಮೂರು ಶಿರಾ ಕಡೆ. ಹೊರಡುವ ಹಿಂದಿನ ದಿನ ಅಜ್ಜಿ, "ಕಂಬಳಿ ಇಟ್ಕೊಳೋ" ಅಂದರು. "ವಿಮಾನದಲ್ಲಿ ಕಂಬಳಿ ಹೊದ್ಕೊಂಡು ಕೂರ್ಲಾ ಅಜ್ಜಿ?" ಅಂತ ನಕ್ಕುಬಿಟ್ಟೆ. ಬ್ಯಾಗಿನಲ್ಲಿ ದೊಡ್ಡ ಜಾಕೆಟ್, ಎರಡು ಜೀನ್ಸ್, ಆರು ಹೊಸ ಕಾಟನ್ ಬನಿಯನ್. ದೇವರಾಯನದುರ್ಗದ ಬೆಳಗಿನ ಚಳಿ ಕಂಡವನು ನಾನು, ಅಷ್ಟೇ ಧೈರ್ಯ. ದುರ್ಗ ಸುಮಾರು 1,200 ಮೀಟರ್ ಎತ್ತರ, ಲೇಹ್ 3,500.

ಮೊದಲ ಎರಡು ದಿನ ಸುಮ್ನೆ ಮಲಗಿದ್ದೆವು, ಎತ್ತರದ ತೆಳು ಗಾಳಿಗೆ ಮೈ ಒಗ್ಗಲಿ ಅಂತ. (ನೀವೂ ಮಲಗಿ. ಅದಕ್ಕೆ ಬಟ್ಟೆ ಪರಿಹಾರ ಅಲ್ಲ.) ಮೂರನೇ ದಿನ ಶಾಲೆಯ ಕಾಂಪೌಂಡಿಗೆ ಮಣ್ಣಿನ ಇಟ್ಟಿಗೆ ಹೊರುವ ಕೆಲಸ. ಹನ್ನೊಂದಕ್ಕೆಲ್ಲ ಬಿಸಿಲು ಚುರುಗುಟ್ಟಿತು. ಜಾಕೆಟ್ ತೆಗೆದಿಟ್ಟೆ. ಬನಿಯನ್ ಬೆವರಿನಲ್ಲಿ ತೊಯ್ದು ಹೋಯಿತು. ನಾಲ್ಕರ ಹೊತ್ತಿಗೆ ಸೂರ್ಯ ಬೆಟ್ಟದ ಹಿಂದೆ ಸರಿದ, ದೀಪ ಆರಿಸಿದ ಹಾಗೆ ಬಿಸಿ ಹೋಯಿತು. ಓಡಿಹೋಗಿ ಅದೇ ಒದ್ದೆ ಬನಿಯನ್ ಮೇಲೆ ಜಾಕೆಟ್ ಏರಿಸಿದೆ. ಕೆಟ್ಟಿದ್ದು ಅಲ್ಲೇ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ಜಾಕೆಟ್ ತಾನಾಗಿ ಬಿಸಿ ಕೊಡುವುದಿಲ್ಲ. ನಿಮ್ಮ ಮೈಯ ಬಿಸಿಯನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ, ಅಷ್ಟೇ. ಕಾಟನ್ ಬೆವರು ಕುಡಿದರೆ ಬೇಗ ಬಿಡುವುದಿಲ್ಲ. ಆ ನೀರು ಮೈಗೆ ಅಂಟಿಕೊಂಡು ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಒಳಗೆ ಬಿಸಿಯೇ ಉಳಿಯದಿದ್ದ ಮೇಲೆ ಜಾಕೆಟ್ ಏನನ್ನು ಹಿಡಿದಿಡಬೇಕು? ಎಂಟು ಸಾವಿರದ್ದಾದರೂ ಅಷ್ಟೇ, ಎಂಬತ್ತು ಸಾವಿರದ್ದಾದರೂ ಅಷ್ಟೇ. ಉಣ್ಣೆ ಹಾಗಲ್ಲ, ತೊಯ್ದರೂ ಒಂದಿಷ್ಟು ಬೆಚ್ಚಗಿರುತ್ತದೆ. ನಮ್ಮ ಕಡೆ ಕುರಿ ಕಾಯುವವರು ಜಡಿಮಳೆಯಲ್ಲೂ ಕಂಬಳಿ ಕೊಪ್ಪೆ ಹಾಕಿ ನಿಲ್ಲುತ್ತಾರಲ್ವಾ? ಹುಟ್ಟಿದಾಗಿನಿಂದ ನೋಡಿದ್ದೆ, ತಲೆಗೆ ಹೊಳೆದಿರಲಿಲ್ಲ.

ರಾತ್ರಿ ನಡುಕ, ಬೆಳಿಗ್ಗೆ ಜ್ವರ. ನಾವಿದ್ದ ಮನೆಯ ಅಮ್ಮ, ಅಲ್ಲಿ 'ಆಮಾ-ಲೇ' ಅನ್ನುತ್ತಾರೆ, ಬನಿಯನ್ ಮುಟ್ಟಿ ನೋಡಿ ಬೈದರು. ಭಾಷೆ ಬರದಿದ್ದರೂ ಬೈಗುಳ ಅಂತ ಗೊತ್ತಾಯಿತು. ತಮ್ಮ ಮನೆಯವರ ಉಣ್ಣೆಯ ಗೊಂಚಾ ಹೊದಿಸಿ, ಉಪ್ಪು ಬೆಣ್ಣೆಯ ಚಹಾ ಕುಡಿಸಿದರು. ಆ ನಿಲುವಂಗಿಗೆ ಥೇಟ್ ನಮ್ಮ ಕಂಬಳಿಯದೇ ವಾಸನೆ. ಮೂರು ದಿನ ಮಲಗಿದೆ. ಇಟ್ಟಿಗೆ ಹೊರಬೇಕಾದವನಿಗೆ ಊರಿನವರು ಗಂಜಿ ಹೊತ್ತು ತಂದರು.

ಅದಕ್ಕೇ ಹೇಳುವುದು, ಇರುವ ಜಾಕೆಟ್ಟೇ ಇರಲಿ. ಸಾಲದಿದ್ದರೆ ಲೇಹ್ ಪೇಟೆಯಲ್ಲೇ ಸಿಗುತ್ತದೆ. ದುಡ್ಡನ್ನು ಮೈಗೆ ತಾಗುವ ಬಟ್ಟೆಗೆ ಹಾಕಿ. ಉಣ್ಣೆಯ ಅಥವಾ ಬೇಗ ಒಣಗುವ ಸಿಂಥೆಟಿಕ್ ಒಳ ಅಂಗಿ ಮೂರು. ಒಂದು ಮೈಮೇಲೆ, ಒಂದು ಹಗ್ಗದ ಮೇಲೆ, ಮೂರನೆಯದು ಮಲಗಲು ಮಾತ್ರ. ಆ ಮೂರನೆಯದನ್ನು ಹಾಕಿಕೊಂಡು ಕೆಲಸಕ್ಕೆ ಇಳಿಯಲೇಬೇಡಿ. ಮೇಲೆ ಒಂದು ಫ್ಲೀಸ್ (ಮೆತ್ತನೆಯ ಸಿಂಥೆಟಿಕ್ ಸ್ವೆಟರ್), ಗಾಳಿ ತಡೆಯಲು ತೆಳು ವಿಂಡ್‌ಚೀಟರ್. ಬಿಸಿಲಿಗೆ ತುಂಬು ತೋಳಿನ ಅಂಗಿ, ಅಗಲ ಟೋಪಿ; ನನ್ನ ಮೂಗಿನ ಸಿಪ್ಪೆ ಸುಲಿದಿತ್ತು.

ಮಕ್ಕಳಿಗೆ ಹಂಚಲು ಒಂದು ಚೀಲ ಹಳೆ ಬಟ್ಟೆ ಒಯ್ಯುತ್ತೀನಿ ಅಂದಿದ್ದೀರಿ. ಶಾಲೆಯವರು ಕೇಳಿದ್ದಾರಾ? ಇಲ್ಲದಿದ್ದರೆ ಬೇಡ. ನಮ್ಮೂರಿನ ತೆಳು ಕಾಟನ್ ಅಲ್ಲಿ ನೆಲ ಒರೆಸಲು ಆಗುತ್ತದೆ. ಆ ಜಾಗದಲ್ಲಿ ಉಣ್ಣೆ ಕಾಲುಚೀಲ ತುಂಬಿ. ಜೀನ್ಸ್ ಮನೆಯಲ್ಲೇ ಇರಲಿ, ನನ್ನದು ಒಗೆದು ಎರಡು ದಿನವಾದರೂ ಸೊಂಟದ ಹತ್ತಿರ ಹಸಿಯಾಗೇ ಇತ್ತು.